ಜೂನ್‌ಗೆ ಬೇಕಾದ ದುಡ್ಡು ಷೇರಿಗಲ್ಲ

ಕಾರವಾರದಿಂದ ಬಿ.ಕಾಂ. ಎರಡನೇ ವರ್ಷದ ವಿದ್ಯಾರ್ಥಿನಿಯೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ. ತಂದೆ ಬೈತಖೋಲ ಬಂದರಿನಿಂದ ಮೀನಿನ ಬೋಟಿಗೆ ಹೋಗುತ್ತಾರೆ, ತಾಯಿ ಪೇಟೆಯಲ್ಲಿ ಮೀನು ಮಾರುತ್ತಾರೆ. ಇವರು ಸಂಜೆ ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡಿ ತಿಂಗಳಿಗೆ 3,000 ರೂಪಾಯಿ ದುಡಿಯುತ್ತಾರೆ. ಅದರಲ್ಲಿ 1,000 ಉಳಿಯುತ್ತದೆ. ಬ್ಯಾಂಕಿನಲ್ಲಿ ಸ್ಕಾಲರ್‌ಶಿಪ್ಪಿನ 12,000 ಇದೆ. "ಇದನ್ನು ಷೇರಿಗೆ ಹಾಕಲೇ? ಯಾವ ಷೇರು? ಅಪ್ಪ ಅದೆಲ್ಲ ಓಸಿ ಮಟ್ಕಾ ಆಡಿದ ಹಾಗೆ ಅಂತಾರೆ. ಕ್ಲಾಸ್‌ಮೇಟ್ ಒಬ್ಬ ಆಪ್ಷನ್ಸ್‌ನಲ್ಲಿ ಒಂದೇ ದಿನ 4,000 ಮಾಡಿದ್ದಾನೆ. ಯಾರ ಮಾತು ಕೇಳಲಿ?" ಅನ್ನುವುದು ಇವರ ಪ್ರಶ್ನೆ. (ಆಪ್ಷನ್ಸ್ ಅಂದರೆ ರೇಟು ಏರುತ್ತದೋ ಇಳಿಯುತ್ತದೋ ಅನ್ನುವುದರ ಮೇಲೆ ದುಡ್ಡು ಕಟ್ಟುವ ಒಪ್ಪಂದ.)

ತಂಗಿ, ಮೊದಲು ಆ 12,000ದ ವಿಷಯ ಮುಗಿಸೋಣ. ಅದನ್ನು ಷೇರಿಗೆ ಹಾಕಬೇಡಿ. ಒಂದು ರೂಪಾಯಿಯನ್ನೂ ಹಾಕಬೇಡಿ.

ಷೇರು ಕೆಟ್ಟದ್ದು ಅಂತ ಹೀಗೆ ಹೇಳುತ್ತಿಲ್ಲ. ನಿಮ್ಮ ಮನೆಯ ವರ್ಷದ ಲೆಕ್ಕ ನೋಡಿ ಹೇಳುತ್ತಿದ್ದೇನೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ತಂದೆಗೆ ಆಗ ಹಿಡಿದ ಮೀನಿನ ಪಾಲು ಇಲ್ಲ, ತಾಯಿಯ ಬುಟ್ಟಿಗೆ ಮೀನು ಕಡಿಮೆ. ನಿಮ್ಮ ಕಾಲೇಜಿನ ಫೀ ಕಟ್ಟುವುದೂ ಆ ಹೊತ್ತಿಗೇ ಅಂತ ನೀವೇ ಬರೆದಿದ್ದೀರಿ. ಅಂದರೆ ಪ್ರತಿ ವರ್ಷ ಇಂಥ ತಿಂಗಳಲ್ಲಿ ನಿಮಗೆ ದುಡ್ಡು ಬೇಕೇ ಬೇಕು, ಮುಂದೂಡುವ ಹಾಗಿಲ್ಲ. ಷೇರು ಪೇಟೆಗೆ ಮಾತ್ರ ನಿಮ್ಮ ಜೂನ್ ಯಾವುದು ಅಂತ ಗೊತ್ತಿರುವುದಿಲ್ಲ.

2020ರ ಜನವರಿಯಲ್ಲಿ ನಿಫ್ಟಿ, ಅಂದರೆ ಐವತ್ತು ದೊಡ್ಡ ಕಂಪನಿಗಳ ಷೇರು ರೇಟಿನ ಸೂಚ್ಯಂಕ, ಮೇಲಿದ್ದಾಗ ಯಾರೋ ಆ ಷೇರುಗಳಿಗೆ ಇದೇ 12,000 ಹಾಕಿದ್ದರು ಅಂತ ಇಟ್ಟುಕೊಳ್ಳಿ. ಮಾರ್ಚ್ 23ಕ್ಕೆ ಅದು ಸುಮಾರು 7,400 ಆಗಿರುತ್ತಿತ್ತು. ಜೂನ್ ಮೊದಲ ವಾರಕ್ಕೂ 10,000 ಮುಟ್ಟುತ್ತಿರಲಿಲ್ಲ. ನವೆಂಬರ್ ಹೊತ್ತಿಗೆ ನಿಫ್ಟಿ ಹಳೇ ಎತ್ತರ ದಾಟಿತು, ನಿಜ, ಕಾಯಲು ಆದವರಿಗೆ ನಷ್ಟ ಆಗಲಿಲ್ಲ. ಆದರೆ ಜೂನ್‌ನಲ್ಲಿ ಫೀ ಕಟ್ಟಬೇಕಾದವರು ಕಾಯುವುದು ಹೇಗೆ? ಬಂದ ರೇಟಿಗೆ ಮಾರಲೇಬೇಕು. ಇನ್ನೊಂದು ಮಾತು, ಇದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ: ಪೇಟೆ ಜೋರಾಗಿ ಬೀಳುವ ಕಾಲದಲ್ಲೇ ಊರಿನ ದುಡಿಮೆಯೂ ನಿಲ್ಲಬಹುದು. ಆ ವರ್ಷದ ಲಾಕ್‌ಡೌನ್‌ನಲ್ಲಿ ಬಂದರಿನ ಕೆಲಸವೂ ನಿಂತಿತ್ತು, ಝೆರಾಕ್ಸ್ ಅಂಗಡಿಗಳೂ ಬಾಗಿಲು ಹಾಕಿದ್ದವು. ಮನೆಯಲ್ಲಿ ದುಡ್ಡಿಲ್ಲದ ಹೊತ್ತೂ ಷೇರಿನ ರೇಟು ಬಿದ್ದ ಹೊತ್ತೂ ಒಂದೇ ಆದರೆ ಎಲ್ಲಕ್ಕಿಂತ ಜಾಸ್ತಿ ಪೆಟ್ಟು ಬೀಳುವುದು ನಿಮ್ಮಂಥ ಮನೆಗೇ.

ಹಾಗಾಗಿ 12,000 ಬ್ಯಾಂಕಿನಲ್ಲೇ ಇರಲಿ. ತಿಂಗಳ 1,000ದಲ್ಲಿ 700ಕ್ಕೆ ಆಗಸ್ಟ್‌ನಲ್ಲಿ ಬ್ಯಾಂಕಿನಲ್ಲೇ ಒಂಬತ್ತು ತಿಂಗಳ ಆರ್‌ಡಿ (ತಿಂಗಳು ತಿಂಗಳು ಕಂತು ಕಟ್ಟುವ ಠೇವಣಿ) ಶುರು ಮಾಡಿ. ಏಪ್ರಿಲ್‌ಗೆ ಕಂತು ಮುಗಿದು, ಮೇ ತಿಂಗಳಲ್ಲಿ 6,300ರ ಮೇಲೆ ಬಡ್ಡಿಯೂ ಸೇರಿ ಕೈಗೆ ಬರುತ್ತದೆ, ಮಳೆಗಾಲಕ್ಕೆ ಸರಿಯಾಗಿ. ಪೋಸ್ಟ್ ಆಫೀಸಿನ ಆರ್‌ಡಿ ಬೇಡ. ಅದು ಐದು ವರ್ಷದ್ದು, ಮೂರು ವರ್ಷ ಆಗದೆ ಮುಚ್ಚಲು ಬರುವುದಿಲ್ಲ. ತಾಯಿ ದಿನಾ ಪಿಗ್ಮಿ ಕಟ್ಟುತ್ತಾರೆ, ಅದರಿಂದ ಏನು ಸಿಗುತ್ತೆ ಅಂತ ಸ್ವಲ್ಪ ತಾತ್ಸಾರದಿಂದ ಬರೆದಿದ್ದೀರಿ. ಬಡ್ಡಿ ಕಡಿಮೆ, ಒಪ್ಪೋಣ. ಆದರೆ ದಿನದ ದುಡಿಮೆಯವರಿಗೆ ಅಂತಲೇ ನಮ್ಮ ಕರಾವಳಿಯಲ್ಲಿ, 1928ರಲ್ಲಿ, ದಿನಕ್ಕೆ ಎರಡಾಣೆಯಿಂದ ಶುರುವಾದ ಪದ್ಧತಿ ಅದು. ನಿಮ್ಮ ಮನೆ ಎಷ್ಟು ಮಳೆಗಾಲ ಅದರ ಮೇಲೆ ದಾಟಿದೆ ಅಂತ ಒಮ್ಮೆ ಅಮ್ಮನನ್ನು ಕೇಳಿ ನೋಡಿ.

ಇನ್ನು ಅಪ್ಪ ಹೇಳಿದ ಓಸಿಯ ಮಾತು. ಕ್ಲಾಸ್‌ಮೇಟ್ ಆಡುತ್ತಿರುವುದರ ಬಗ್ಗೆ ಅವರು ಹೇಳಿದ್ದು ಬಹುತೇಕ ಸರಿ. ಷೇರು ಪೇಟೆಯನ್ನು ನೋಡಿಕೊಳ್ಳುವ ಸೆಬಿ 2024ರಲ್ಲಿ ಲೆಕ್ಕ ತೆಗೆದಿತ್ತು. 2021-22ರಿಂದ 2023-24ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ (ಮುಂದಿನ ತಾರೀಖಿನ ರೇಟಿನ ಮೇಲಿನ ಒಪ್ಪಂದ), ಆಪ್ಷನ್ಸ್ ಆಡಿದ ಒಂದು ಕೋಟಿಗೂ ಹೆಚ್ಚು ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡಿದ್ದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗಿಂತ ಜಾಸ್ತಿ. ಹೀಗೆ ಆಡಿದವರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜನರ ವರ್ಷದ ಆದಾಯ 5 ಲಕ್ಷದೊಳಗೆ. ಅಂದರೆ ಕಳೆದುಕೊಂಡವರು ಶ್ರೀಮಂತರಲ್ಲ, ನಮ್ಮ ನಿಮ್ಮಂಥವರೇ. ಆಪ್ಷನ್ನಿಗೆ ಇಂಥ ದಿನ ಮುಗಿಯುತ್ತದೆ ಅಂತ ತಾರೀಖು ಇರುತ್ತದೆ. ಅಷ್ಟರೊಳಗೆ ನೀವು ಅಂದುಕೊಂಡ ಹಾಗೆ ರೇಟು ಹೋಗದಿದ್ದರೆ ಕೊಟ್ಟ ದುಡ್ಡು ಪೂರ್ತಿ ಹೋಗಬಹುದು. ಆ ಹುಡುಗ ಒಂದು ದಿನದ ಸ್ಕ್ರೀನ್‌ಶಾಟ್ ತೋರಿಸಿದ್ದಾನೆ ಅಲ್ವಾ, ವರ್ಷದ ಪೂರ್ತಿ ಲಾಭ-ನಷ್ಟದ ಪಟ್ಟಿ ತೋರಿಸು ಅನ್ನಿ, ಆ್ಯಪಿನಲ್ಲೇ ಸಿಗುತ್ತದೆ. ಅವನನ್ನು ಸೋಲಿಸಲಿಕ್ಕೆ ಅಲ್ಲ. ಅವನೂ ಯಾವುದೋ ಕಷ್ಟದ ಮನೆಯ ಹುಡುಗನೇ ಇರಬಹುದು, ಅವನೂ ಒಮ್ಮೆ ಅದನ್ನು ನೋಡಲಿ.

ಆದರೆ ಷೇರು ಕೊಂಡು ವರ್ಷಗಟ್ಟಲೆ ಇಟ್ಟುಕೊಳ್ಳುವುದು ಬೇರೆ. ಅದನ್ನು ಅಪ್ಪನಿಗೆ ಅವರ ಕೆಲಸದಿಂದಲೇ ತಿಳಿಸಬಹುದು. ಬೋಟಿನಲ್ಲಿ ಅವರಿಗೆ ಸಂಬಳ ಇಲ್ಲ, ಹಿಡಿದ ಮೀನಿನಲ್ಲಿ ಪಾಲು. ಬಂಗಡೆ ಸಿಕ್ಕರೆ ಪಾಲು ದೊಡ್ಡದು, ಬಲೆ ಖಾಲಿ ಬಂದರೆ ಏನೂ ಇಲ್ಲ, ಆದರೂ ದುಡಿಮೆ ನಿಜವಾದದ್ದು. ಕಂಪನಿಯ ಷೇರೂ ಅಂಥದ್ದೊಂದು ಪಾಲು.

ಯಾವ ಷೇರು ಅಂತ ಕೇಳಿದ್ದೀರಿ. ಒಂದು ಹೆಸರನ್ನೂ ಹೇಳುವುದಿಲ್ಲ. ಉಳಿದ 300 ರೂಪಾಯಿಗೆ ಒಂದು ನಿಫ್ಟಿ 50 ಇಂಡೆಕ್ಸ್ ಫಂಡಿನಲ್ಲಿ ಎಸ್‌ಐಪಿ, ಅಂದರೆ ಪ್ರತಿ ತಿಂಗಳು ಇಷ್ಟು ಅಂತ ಹಾಕುವ ಕಂತು, ಮಾಡಿ. ಐವತ್ತು ದೊಡ್ಡ ಕಂಪನಿಗಳಲ್ಲಿ ಒಟ್ಟಿಗೆ ಪುಡಿ ಪಾಲು ಸಿಗುತ್ತದೆ, ಒಂದು ಮುಳುಗಿದರೂ ನೀವು ಮುಳುಗುವುದಿಲ್ಲ. 100 ರೂಪಾಯಿಗೂ ಶುರು ಮಾಡಲು ಬಿಡುವ ಫಂಡುಗಳಿವೆ. 'ಡೈರೆಕ್ಟ್' ಅಂತ ಇರುವುದನ್ನೇ ಆರಿಸಿ, ಅದರಲ್ಲಿ ಏಜೆಂಟರ ಕಮಿಷನ್ ಇರುವುದಿಲ್ಲ. ಪ್ಯಾನ್, ಆಧಾರ್, ಬ್ಯಾಂಕ್ ಖಾತೆ ಇದ್ದರೆ ಸಾಕು, ಡಿಮ್ಯಾಟ್ (ಷೇರು ಇಟ್ಟುಕೊಳ್ಳುವ ಖಾತೆ) ಬೇಕಿಲ್ಲ. ಮುಂದೆ ಒಂದೆರಡು ಷೇರು ಕೊಂಡು ಕಲಿಯಬೇಕು ಅನಿಸಿದರೆ ಬೇಸಿಕ್ ಡಿಮ್ಯಾಟ್ ಖಾತೆ ಕೇಳಿ, 4 ಲಕ್ಷದೊಳಗಿನ ಷೇರಿಗೆ ವರ್ಷದ ನಿರ್ವಹಣಾ ಶುಲ್ಕ ಇಲ್ಲ. ಆದರೆ ಮಾರುವಾಗ ಡಿಮ್ಯಾಟ್ ಖಾತೆ ನಡೆಸುವವರು ಡಿಪಿ ಶುಲ್ಕ ಅಂತ ಹಿಡಿಯುತ್ತಾರೆ. ಅದು 15 ರೂಪಾಯಿ ಅಂತಿಟ್ಟುಕೊಂಡರೂ 300 ರೂಪಾಯಿಯ ಷೇರಿನಲ್ಲಿ ನೂರಕ್ಕೆ 5 ಅಲ್ಲೇ ಹೋಯಿತು. ಸಣ್ಣ ದುಡ್ಡಿನವರು ಪದೇ ಪದೇ ಕೊಂಡು ಮಾರಿದರೆ ಶುಲ್ಕವೇ ತಿಂದುಹಾಕುತ್ತದೆ.

ಇದರಿಂದ ಎಷ್ಟು ಸಿಗುತ್ತೆ? ತಿಂಗಳಿಗೆ 300ರಂತೆ ಮೂರು ವರ್ಷಕ್ಕೆ 10,800. ವರ್ಷಕ್ಕೆ ನೂರಕ್ಕೆ 12 ಬೆಳೆಯಿತು ಅಂದುಕೊಂಡರೂ, ಅದಕ್ಕೆ ಯಾರ ಖಾತ್ರಿಯೂ ಇಲ್ಲ, ಸುಮಾರು 13,000 ಆಗುತ್ತದೆ. ಲಾಭ 2,200ರ ಆಸುಪಾಸು. ಈ ವಯಸ್ಸಿನಲ್ಲಿ ನಿಮ್ಮ ಮನೆಯ ಸ್ಥಿತಿ ಬದಲಾಗುವುದು ಈ 2,200ರಿಂದಲ್ಲ, ಡಿಗ್ರಿ ಮುಗಿದು ಸಿಗುವ ಮೊದಲ ಸಂಬಳದಿಂದ. ಪರೀಕ್ಷೆ ಹತ್ತಿರ ಬಂದಾಗ ಅಂಗಡಿಗೆ ರಜೆ ಹಾಕಬೇಕಾಗಿ ಬಂದು ಆ ತಿಂಗಳು 300 ಉಳಿಯದಿದ್ದರೆ ಎಸ್‌ಐಪಿ ನಿಲ್ಲಿಸಿ, ಸುಮ್ನೆ ಬೇಜಾರು ಮಾಡಿಕೊಳ್ಳಬೇಡಿ. ಆಮೇಲೆ ಮತ್ತೆ ಶುರು ಮಾಡಬಹುದು.

ಪತ್ರದ ಕೊನೆಯಲ್ಲಿ ನೀವು ಬರೆದ ಟೆಲಿಗ್ರಾಂ ಗುಂಪಿನ ವಿಷಯ ಓದಿ ನಿಜಕ್ಕೂ ಹೆದರಿಕೆ ಆಯಿತು. 5,000 ಕಳಿಸಿ, ವಾರಕ್ಕೆ ಎರಡರಷ್ಟು ಅನ್ನುವವರು ಕಳ್ಳರು, ಇದರಲ್ಲಿ ಅನುಮಾನವೇ ಬೇಡ. ಇವತ್ತೇ ಗುಂಪು ಬಿಡಿ. ಈಗಾಗಲೇ ಕಳಿಸಿದ್ದರೆ ನಾಚಿಕೊಳ್ಳದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ತಡವಾದಷ್ಟೂ ದುಡ್ಡು ತಡೆಹಿಡಿಯುವುದು ಕಷ್ಟ. ಫಂಡಿನ ಖಾತೆ ತೆರೆಯುವಾಗ ನಾಮಿನಿ ಜಾಗದಲ್ಲಿ ಅಮ್ಮನ ಹೆಸರು ಹಾಕಿ. ಪಾಸ್‌ವರ್ಡ್ ಮಾತ್ರ ಅಂಗಡಿಯ ಕಂಪ್ಯೂಟರಿನಲ್ಲಿ ಸೇವ್ ಮಾಡಬೇಡಿ.

– ಸಂಪಾದಕ