ನುಡಿದಂತೆ ನಡೆದರೇ ಯೇಸು?

ಪ್ರಶ್ನೆ: ಒಂದು ಕೆನ್ನೆಗೆ ಹೊಡೆದರೆ ಇನ್ನೊಂದನ್ನೂ ಒಡ್ಡು ಎಂದ ಯೇಸು, ದೇವಾಲಯದಲ್ಲಿ ಚಾವಟಿ ಹಿಡಿದರು. ಯಾರನ್ನೂ ಮೂರ್ಖ ಅನ್ನಬೇಡಿ ಎಂದವರೇ ಫರಿಸಾಯರನ್ನು (ಆ ಕಾಲದ ಯೆಹೂದ್ಯರ ಕಟ್ಟುನಿಟ್ಟಿನ ಧಾರ್ಮಿಕ ಪಂಗಡದವರು) ಬಾಯ್ತುಂಬ ಬೈದರು. ನಮ್ಮ ಓದುಗರ ಬಳಗದಲ್ಲಿ ಇದೇ ಜಗಳ. ಏನನ್ನುತ್ತೀರಿ?
– ಕೌಲ್‌ಬಜಾರ್, ಬಳ್ಳಾರಿ

ಉತ್ತರ: ಜಗಳಕ್ಕೆ ಮೊದಲು ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಯೇಸುವಿನ ಬದುಕನ್ನು ಹೇಳುವ ಸುವಾರ್ತೆಗಳು ನಾಲ್ಕು: ಮತ್ತಾಯ, ಮಾರ್ಕ, ಲೂಕ, ಯೋಹಾನ. ನೀವು ಹೇಳುವ ಬೋಧನೆ ಮತ್ತಾಯನ 5ರಿಂದ 7ನೇ ಅಧ್ಯಾಯದಲ್ಲಿದೆ. ಒಟ್ಟು 111 ವಚನ. ಎಡಗಡೆ ಮಾತು ಬರೆಯಿರಿ. ಬಲಗಡೆ ಅದಕ್ಕೆ ತಾಳೆಯಾಗುವ ಅಥವಾ ತಾಳೆಯಾಗದ ಘಟನೆ, ಮೊದಲು ಮತ್ತಾಯನಿಂದಲೇ, ಉಳಿದ ಮೂವರಿಂದ ಆಮೇಲೆ. ನಾಲ್ಕೂ ಸುವಾರ್ತೆಗಳನ್ನು ಕಲಸಿ ಒಂದೇ ಕಥೆ ಮಾಡಿಕೊಂಡವರು ಇಲ್ಲೇ ಎಡವುತ್ತಾರೆ. ದೇವಾಲಯದ ಪ್ರಸಂಗ ನಾಲ್ಕರಲ್ಲೂ ಇದೆ, ಚಾವಟಿ ಮಾತ್ರ ಯೋಹಾನನಲ್ಲಿ ಮಾತ್ರ (2:15). ಅಲ್ಲಿಯೂ ಕುರಿ, ದನ ಹೊರಗಟ್ಟಿದ್ದು, ನಾಣ್ಯ ಬದಲಿಸುವ ಚಿನಿವಾರರ ಮೇಜು ಕೆಡವಿದ್ದು ಇದೆ; ಯಾರಿಗಾದರೂ ಏಟು ಬಿತ್ತೆಂದು ಬರೆದಿಲ್ಲ.

ಇನ್ನು ಕೆನ್ನೆಯ ಮಾತು. ಮತ್ತಾಯನಲ್ಲಿ ಉಗುಳಿ ಗುದ್ದಿದಾಗ (26:67) ಯೇಸು ತಿರುಗಿ ಏನೂ ಅನ್ನುವುದಿಲ್ಲ. ಯೋಹಾನನಲ್ಲಿ ಮಹಾಯಾಜಕನ ವಿಚಾರಣೆ ನಡೆದಾಗ ಪಕ್ಕದಲ್ಲಿ ನಿಂತ ಓಲೇಕಾರನೊಬ್ಬ ಕಪಾಳಕ್ಕೆ ಹೊಡೆಯುತ್ತಾನೆ. ಯೇಸು ಇನ್ನೊಂದು ಕೆನ್ನೆ ಒಡ್ಡುವುದಿಲ್ಲ; ನಾನು ತಪ್ಪು ಆಡಿದ್ದರೆ ತೋರಿಸು, ಸರಿಯಾಗಿ ಆಡಿದ್ದರೆ ಯಾಕೆ ಹೊಡೆದೆ ಎಂದು ಕೇಳುತ್ತಾರೆ (18:22–23). ಕೈ ಎತ್ತಲಿಲ್ಲ, ಬಾಯಿ ಮುಚ್ಚಿಕೊಂಡೂ ಇರಲಿಲ್ಲ. ಬೋಧನೆಯನ್ನು ಅಕ್ಷರಶಃ ಹಿಡಿದರೆ ಇದು ತಪ್ಪಿದಂತೆ, ಸೇಡು ತೀರಿಸಬೇಡ ಎಂಬ ಅರ್ಥದಲ್ಲಿ ಹಿಡಿದರೆ ನಡೆದಂತೆ. ನಮ್ಮ ತೂಕ ಎರಡನೆಯ ಕಡೆಗೆ.

ವೈರಿಯನ್ನು ಪ್ರೀತಿಸು ಎಂಬುದಕ್ಕೆ ಗಟ್ಟಿ ಸಾಕ್ಷಿ ಬಂಧನದ ರಾತ್ರಿಯದು. ಶಿಷ್ಯನೊಬ್ಬ ಮಹಾಯಾಜಕನ ಆಳಿನ ಕಿವಿ ಕತ್ತರಿಸಿದಾಗ ಕತ್ತಿ ಒರೆಗೆ ಹಾಕು ಅನ್ನುತ್ತಾರೆ (ಮತ್ತಾಯ 26:52). ಲೂಕನಲ್ಲಿ ಆ ಕಿವಿಯನ್ನು ವಾಸಿಯೂ ಮಾಡುತ್ತಾರೆ (22:51). ಆದರೆ ಅದೇ ಲೂಕನಲ್ಲಿ, ಅದೇ ರಾತ್ರಿ, ಮೇಲಂಗಿ ಮಾರಿ ಕತ್ತಿ ಕೊಳ್ಳಿ ಎಂಬ ಮಾತೂ ಇದೆ (22:36). ಅದನ್ನು ಪಟ್ಟಿಯಿಂದ ಬಿಡಬೇಡಿ. ಶಿಲುಬೆಯ ಮೇಲಿನ ಕ್ಷಮೆಯ ಪ್ರಾರ್ಥನೆ (ಲೂಕ 23:34) ಕೆಲವು ಹಳೆಯ ಹಸ್ತಪ್ರತಿಗಳಲ್ಲಿಲ್ಲ. ವಾದವನ್ನೆಲ್ಲ ಅದೊಂದರ ಮೇಲೆ ನಿಲ್ಲಿಸಿದರೆ ಎದುರಾಳಿ ಸುಲಭವಾಗಿ ಬೀಳಿಸುತ್ತಾನೆ.

ಬೈಗುಳದ ವಿಷಯದಲ್ಲಿ ನಿಮ್ಮ ಆಕ್ಷೇಪಕ್ಕೆ ಬಲವಿದೆ. ಮತ್ತಾಯ 5:22ರಲ್ಲಿ ಬೇಡವೆಂದ ಮಾತೇ 23:17ರಲ್ಲಿ ಬರುತ್ತದೆ, 23:33ರಲ್ಲಿ ಹಾವುಗಳೇ ಎಂಬುದೂ ಸೇರುತ್ತದೆ. ಮೊದಲನೆಯದು ಸಹೋದರನ ಮೇಲಿನ ಸಿಟ್ಟಿನ ಕುರಿತು, ಎರಡನೆಯದು ಪ್ರವಾದಿಗಳ ರೀತಿಯ ಖಂಡನೆ ಎಂದು ವ್ಯಾಖ್ಯಾನಕಾರರು ಸಮಾಧಾನ ಹೇಳುತ್ತಾರೆ. ಅರ್ಧ ಒಪ್ಪಬಹುದು, ಪೂರ್ತಿ ಅಲ್ಲ.

ಪ್ರಶ್ನೆ: ನಮ್ಮ ಕಡೆ ಅಂಜೂರದ ತೋಟಗಳಿವೆ. ಕಾಲವಲ್ಲದ ಕಾಲದಲ್ಲಿ ಹಣ್ಣಿಲ್ಲವೆಂದು ಯೇಸು ಅಂಜೂರದ ಗಿಡಕ್ಕೆ ಶಾಪ ಹಾಕಿದ್ದು ಯಾವ ನ್ಯಾಯ?
– ಸಿರುಗುಪ್ಪ

ಉತ್ತರ: ಬೆಳೆಗಾರರಿಗೆ ಹೊಳೆಯುವ ಪ್ರಶ್ನೆಯೇ. ಘಟನೆ ನಡೆದದ್ದು ಯೆಹೂದ್ಯರ ಪಸ್ಕ ಹಬ್ಬದ ಹೊತ್ತಿಗೆ, ಅಂದರೆ ಮಾರ್ಚ್–ಏಪ್ರಿಲ್‌ನಲ್ಲಿ. ಚಳಿಗೆ ಎಲೆ ಉದುರಿಸಿದ ಅಂಜೂರ ಪ್ಯಾಲೆಸ್ತೀನಿನಲ್ಲಿ ಆಗ ಚಿಗುರುತ್ತದೆ; ಹಳೆಯ ಕಡ್ಡಿಯಲ್ಲಿ ಮೊದಲ ಸಣ್ಣ ಕಾಯಿಗಳೂ ಎಲೆಯ ಜೊತೆಗೇ ಕಾಣುತ್ತವೆ. ಅವು ಜೂನ್ ಹೊತ್ತಿಗೆ ಹಣ್ಣಾಗುತ್ತವೆ, ದೊಡ್ಡ ಫಸಲು ಹೊಸ ಚಿಗುರಿನಲ್ಲಿ ಆಗಸ್ಟ್‌ನಿಂದ. ಎಲೆ ತುಂಬಿಯೂ ಕಾಯಿ ಇಲ್ಲದ ಗಿಡ ಆ ವರ್ಷಕ್ಕೆ ಬರಡು ಎಂಬ ವಿವರಣೆ ಹುಟ್ಟಿದ್ದು ಹೀಗೆ. ಮಾರ್ಕ ಶಾಪವನ್ನು 11:14ರಲ್ಲಿ, ಒಣಗಿದ್ದನ್ನು 11:20ರಲ್ಲಿ ಇಟ್ಟು ನಡುವೆ ದೇವಾಲಯದ ಘಟನೆ ಸೇರಿಸಿದ್ದಾನೆ. ಗಿಡ ಇಲ್ಲಿ ದೇವಾಲಯದ ಗುರುತು. ಆದರೂ ಐದೇ ವಚನ ಮುಂದೆ, ಪ್ರಾರ್ಥಿಸುವಾಗ ಕ್ಷಮಿಸಿರಿ ಎಂಬ ಮಾತು ಬರುತ್ತದೆ (11:25). ಗಿಡಕ್ಕೆ ಆ ಕ್ಷಮೆ ಸಿಗಲಿಲ್ಲ.

ಪ್ರಶ್ನೆ: ತಂದೆತಾಯಿಯನ್ನು ಸನ್ಮಾನಿಸಿ ಎಂದವರು ಬಾಗಿಲಿಗೆ ಬಂದ ತಾಯಿಯನ್ನು ಹೊರಗೇ ನಿಲ್ಲಿಸಿದ್ದೇಕೆ?
– ಸಿಂಧನೂರು

ಉತ್ತರ: ಮಾರ್ಕ 3:31ನ್ನು ಓದುವ ಮುಂಚೆ 3:21 ಓದಿ. ಯೇಸುವಿಗೆ ಮತಿಗೆಟ್ಟಿದೆ ಎಂದು ಹಿಡಿದೊಯ್ಯಲು ಮನೆಯವರು ಹೊರಟಿದ್ದರು. 7:9–13ರಲ್ಲಿ ಯೇಸು ಖಂಡಿಸುವುದು ಸ್ವತ್ತನ್ನು ಕೊರ್ಬಾನ್, ಅಂದರೆ ದೇವರಿಗೆ ಮುಡಿಪು ಎಂದು ಹೇಳಿ ಹೆತ್ತವರ ಅನ್ನ ತಪ್ಪಿಸುವವರನ್ನು. ಎರಡೂ ಒಂದೇ ತಪ್ಪಲ್ಲ. ಶಿಲುಬೆಯ ಬಳಿ ತಾಯಿಯನ್ನು ಶಿಷ್ಯನಿಗೆ ಒಪ್ಪಿಸಿದ್ದು ಯೋಹಾನನಲ್ಲಿ ಮಾತ್ರ ಇದೆ (19:26–27), ಮಾರ್ಕನ ಮೇಲಿನ ಆಕ್ಷೇಪಕ್ಕೆ ಅದನ್ನು ಉತ್ತರವಾಗಿ ತರಬೇಡಿ.