ಗೊಂಬೆಯನ್ನು ನೀರಿಗಿಳಿಸಿ ಫೋಟೊ ತೆಗೆಯುವುದು ಹೇಗೆ?

ಹೊಳೆಯ ದಡದಲ್ಲಿ ಬಾರ್ಬಿಯನ್ನು ನಿಲ್ಲಿಸಿ ಎಷ್ಟು ಫೋಟೊ ತೆಗೆದರೂ ಆಟಿಕೆಯಂತೆಯೇ ಕಾಣುತ್ತದೆ, ಬೆಳಕು ಸಾಲುತ್ತಿಲ್ಲವೇ, ನೆನೆದರೆ ಗೊಂಬೆ ಹಾಳಾಗುತ್ತದೆಯೇ ಎಂದು ಕೇಳಿದ್ದೀರಿ. ನನ್ನ ಅನುಭವದಲ್ಲಿ ಗುಟ್ಟು ರಟ್ಟು ಮಾಡುವುದು ನೀರು.

ಬಾರ್ಬಿಯ ಎತ್ತರ ಸುಮಾರು 29 ಸೆಂಟಿಮೀಟರ್, ಹೆಚ್ಚುಕಡಿಮೆ ನಮ್ಮ ಆರನೇ ಒಂದು ಪಾಲು. ಅವಳ ಬಟ್ಟೆ, ಚಪ್ಪಲಿ, ಕೈಚೀಲ ಎಲ್ಲವೂ ಆ ಅಳತೆಗೆ ಸಿಗುತ್ತವೆ. ನೀರನ್ನು ಮಾತ್ರ ಯಾರೂ ಕುಗ್ಗಿಸಿ ಕೊಡುವುದಿಲ್ಲ. ಅವಳ ಕೆನ್ನೆಯ ಮೇಲೆ 5 ಮಿಲಿಮೀಟರ್ ಹನಿ ನಿಂತರೆ, ನಮ್ಮ ಕೆನ್ನೆಗೆ ಅಡಿಕೆ ಗಾತ್ರದ ಹನಿ ಅಂಟಿಕೊಂಡಂತೆ. ಹಾಗಾಗಿ ಹನಿ ಚಿಮುಕಿಸುವ ಆಸೆ ಬಿಡಿ, ಅಲೆಯಿಲ್ಲದ ನೀರು ಹುಡುಕಿ.

ನಾನು ಶ್ರೀರಂಗಪಟ್ಟಣದ ಬಳಿ ಕಾವೇರಿ ದಡಕ್ಕೆ ಹೋಗುವುದು ಬೆಳಗ್ಗೆ ಆರೂವರೆಗೆ, ಗಾಳಿ ಏಳುವ ಮುನ್ನ. ಹರಿಯುವ ನೀರಿಗೆ ಇಳಿಯುವುದಿಲ್ಲ. ಬಂಡೆಗಳ ನಡುವೆ ನೀರು ನಿಂತ, ಮೊರದಗಲದ ಒಂದು ಗುಂಡಿ ಸಾಕು. ಬೋರಲು ಮಲಗಿ ಕ್ಯಾಮೆರಾವನ್ನು ಗೊಂಬೆಯ ಕಣ್ಣಿನ ಮಟ್ಟಕ್ಕೆ ತರಬೇಕು. (ಬಟ್ಟೆ ಒಗೆಯಲು ಬಂದವರು ನಗುತ್ತಾರೆ. ನಗಲಿ.) ಅಲ್ಲಿಂದ ನೋಡಿದರೆ ಗುಂಡಿಯೇ ಕೆರೆ, ಆಚೆ ಅಂಚಿನ ಗರಿಕೆಯೇ ಜೊಂಡು.

ಇದಕ್ಕೆ ದೊಡ್ಡ ಕ್ಯಾಮೆರಾಕ್ಕಿಂತ ಮೊಬೈಲ್ ವಾಸಿ. ಹತ್ತಿರದಿಂದ ತೆಗೆಯುವಾಗ ದೊಡ್ಡ ಕ್ಯಾಮೆರಾದಲ್ಲಿ ಹಿನ್ನೆಲೆ ವಿಪರೀತ ಮಸುಕಾಗುತ್ತದೆ, ಅದೂ ಆಟಿಕೆಯ ಲಕ್ಷಣವೇ. ದೊಡ್ಡ ಕ್ಯಾಮೆರಾವನ್ನೇ ಬಳಸುವುದಾದರೆ ಅಪರ್ಚರನ್ನು (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಎಫ್/11ರ ಆಸುಪಾಸಿಗೆ ಕಿರಿದಾಗಿಸಿ. ಮೊಬೈಲ್‌ನಲ್ಲಿ ಹಿನ್ನೆಲೆ ಮಸುಕಾಗಿಸುವ ಪೋರ್ಟ್ರೇಟ್ ಮೋಡ್ ಬೇಡ.

ಸೊಂಟದವರೆಗೆ ನೀರಿನಲ್ಲಿ ನಿಲ್ಲಿಸುವುದು ಬೇರೆಯೇ ಪಡಿಪಾಟಲು. ಒಳಗೆ ಟೊಳ್ಳು, ತೇಲುತ್ತದೆ. ಮೊದಲ ಸಲ ನನ್ನವಳು ಅಂಗಾತ ಮಲಗಿ, ಕಾಲ್ಬೆರಳು ಮೇಲೆ ಮಾಡಿಕೊಂಡು, ಮಹಾರಾಣಿಯಂತೆ ನಿಧಾನವಾಗಿ ಹೊರಟೇಬಿಟ್ಟಳು. ಒಣಗಿದ ಕೊಂಬೆಯೊಂದಕ್ಕೆ ಕೂದಲು ಸಿಕ್ಕಿಕೊಂಡಿದ್ದರಿಂದ ಉಳಿದಳು. ಈಗ ಪಾದಕ್ಕೆ ಕಲ್ಲು ಕಟ್ಟುತ್ತೇನೆ, ಗಾಳದ ನೈಲಾನ್ ದಾರದ ಇನ್ನೊಂದು ತುದಿ ನನ್ನ ಬೆರಳಿನಲ್ಲಿರುತ್ತದೆ.

ಹಾಳಾಗುವ ವಿಷಯ: ಮೈಗೆ ಏನೂ ಆಗುವುದಿಲ್ಲ, ಕೀಲುಗಳಿಗೆ ಆಗುತ್ತದೆ. ನನ್ನ ಹಳೆಯ ಗೊಂಬೆಯೊಂದರ ಮೊಣಕಾಲಿನೊಳಗೆ ಲೋಹವಿತ್ತು. ಕೆಲವು ತಿಂಗಳಲ್ಲಿ ಮಂಡಿಯ ಮೇಲೆ ಚಹಾ ಬಣ್ಣದ ಕಲೆ ಎದ್ದಿತು, ಎಷ್ಟು ಉಜ್ಜಿದರೂ ಹೋಗಲಿಲ್ಲ, ತುಕ್ಕು ಒಳಗಿನದು. ಅಂಥವಳನ್ನು ದಡದಲ್ಲೇ ಕೂರಿಸಿ. ಉಳಿದವರ ತಲೆಯನ್ನು, ಸುಲಭವಾಗಿ ಬರುವಂತಿದ್ದರೆ, ಮನೆಗೆ ಬಂದ ಕೂಡಲೇ ಬಿಚ್ಚಿ ಒಳಗಿನ ನೀರು ಬಸಿದು, ಕತ್ತು ಕೆಳಗಾಗಿ ನೆರಳಿನಲ್ಲಿ ಎರಡು ದಿನ ಒಣಗಿಸಿ. ಇಲ್ಲವಾದರೆ ಒಳಗೆ ಬೂಷ್ಟು ಹಿಡಿಯುತ್ತದೆ.

ಚನ್ನಪಟ್ಟಣದ ಗೊಂಬೆಯನ್ನಂತೂ ಇಳಿಸಲೇಬೇಡಿ. ಮರ ನೀರು ಕುಡಿದು ಊದುತ್ತದೆ, ಅರಗಿನ ಹೊಳಪು ಬಿಳಿಚಿಕೊಳ್ಳುತ್ತದೆ. ಅದಕ್ಕೆ ನಾನು ತಟ್ಟೆಯಲ್ಲಿ ಕಪ್ಪು ಬಟ್ಟೆ ಹಾಸಿ, ಒಂದು ಬೆರಳು ನೀರು ಹಾಕಿ, ಅಂಚಿನಾಚೆ ಗೊಂಬೆ ಇಡುತ್ತೇನೆ. ಪ್ರತಿಬಿಂಬ ನೀರಿನಲ್ಲಿ, ಗೊಂಬೆ ನೆಲದ ಮೇಲೆ.