ಮಳೆಗಾಲದ ಬಾಡಿಗೆ ಮನೆ: ಆ ಗೋಡೆಗೆ ವಾಲ್‌ಪೇಪರ್ ಬೇಡವೇ ಬೇಡ

ವಾಲ್‌ಪೇಪರ್‌ನ ಉಳಿದ ರೋಲ್‌ಗಳನ್ನು ಬಿಚ್ಚಬೇಡಿ. ಅಂಗಡಿಯವರು ವಾಪಸ್ ತಗೊಳ್ತಾರಾ ಅಂತ ಮೊದಲು ಕೇಳಿ.

ಮಂಗಳೂರಿನ ಬಾಡಿಗೆ ಮನೆ, ಪಡುವಣ ದಿಕ್ಕಿನ ಬೆಡ್‌ರೂಂ ಗೋಡೆಯಲ್ಲಿ ಕಲೆ. ಅದನ್ನು ಮುಚ್ಚಲು ಪಿವಿಸಿ ವಾಲ್‌ಪೇಪರ್, ಕೆಳಗೆ ದಪ್ಪ ಕಾರ್ಪೆಟ್, ಗೋಡೆಗೆ ತಾಗಿಸಿ ಮಂಚ. ಇನ್ನೂ ಬೆಚ್ಚಗೆ ಕಾಣಲು ಏನು ಮಾಡಲಿ ಅಂತ ಫೋಟೋ ಹಾಕಿ ಇಲ್ಲಿ ಕೇಳಿದ್ದೀರಿ. ಉತ್ತರವಾಗಿ ಎಲ್ಲರೂ ಲೈಟಿನ ಸರದ ಲಿಂಕ್ ಹಾಕುತ್ತಿದ್ದಾರೆ. ಗೋಡೆಯ ಬಗ್ಗೆ ಒಬ್ಬರೂ ಮಾತಾಡಿಲ್ಲ! ಉಡುಪಿಯ ನಮ್ಮ ಹಳೇ ಬಾಡಿಗೆ ಮನೆಯಲ್ಲಿ ಇಂಥದ್ದೇ ಹಾಳೆ ಕೀಳುವಾಗ ಪುಟ್ಟಿಯೂ ಜೊತೆಗೇ ಎದ್ದು ಬಂತು. ಅಡ್ವಾನ್ಸ್‌ನಲ್ಲಿ ಕಟ್ ಆಯಿತು.

ನಮ್ಮ ಮುಂಗಾರು ನೈಋತ್ಯದಿಂದ ಬರುತ್ತದೆ. ಪಡುವಣ, ತೆಂಕಣ ಗೋಡೆಗೇ ಎರಚಲು ಜಾಸ್ತಿ. ಕೆಂಪುಕಲ್ಲಿನ ಗೋಡೆಯಾದರಂತೂ ನೀರು ಕುಡಿಯುತ್ತಲೇ ಇರುತ್ತದೆ. ಅದಕ್ಕೆ ಒಳಗಿನಿಂದ ಪ್ಲಾಸ್ಟಿಕ್ ಹೊದಿಸಿದರೆ ಆರುವುದಕ್ಕೆ ಇದ್ದ ಒಂದು ದಾರಿಯೂ ಬಂದ್. ಹಾಳೆಯ ಹಿಂದೆ ಬೂಷ್ಟು ಹಾಯಾಗಿ ಬೆಳೆಯುತ್ತದೆ, ವಾಸನೆ ಬರುವವರೆಗೂ ನಿಮಗೆ ಗೊತ್ತಾಗುವುದಿಲ್ಲ. ಈಗಲೇ ಕೆಳಗಿನ ಮೂಲೆ ಎತ್ತಿ ನೋಡಿ. ಹಸಿ ಇದ್ದರೆ ತೆಗೆದುಬಿಡಿ. ಹೇರ್ ಡ್ರೈಯರ್‌ನಿಂದ ಸ್ವಲ್ಪ ಬಿಸಿ ಮಾಡಿಕೊಂಡು ಮೆಲ್ಲಗೆ ಎಳೆದರೆ ಅಂಟು ಸಡಿಲವಾಗುತ್ತದೆ, ಬಣ್ಣ ಕೀಳುವುದು ಕಡಿಮೆ.

ಆಮೇಲೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಒಂದು ತುಂಡು ತಗೊಂಡು, ಗೋಡೆ ಒರೆಸಿ, ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ. ಒಂದೆರಡು ದಿನ ಬಿಡಿ. ಕೋಣೆಯ ಕಡೆ ಹನಿ ನಿಂತರೆ ತೇವ ಒಳಗಿನ ಗಾಳಿಯದ್ದು. ಗೋಡೆಯ ಕಡೆ ಒದ್ದೆಯಾದರೆ ನೀರು ಗೋಡೆಯಿಂದಲೇ ಬರುತ್ತಿದೆ. ಎರಡೂ ಕಡೆ ಒದ್ದೆಯಾದರೆ, ಕರಾವಳಿಗೆ ಸ್ವಾಗತ. ಇನ್ನೊಂದು, ಬಿಳಿ ಪುಡಿಯೆಲ್ಲಾ ಬೂಷ್ಟಲ್ಲ. ಒಂದು ಹನಿ ನೀರು ಬಿಟ್ಟಾಗ ಕರಗಿದರೆ ಅದು ಗೋಡೆಯ ಉಪ್ಪು. ಒಣಗಿದ ಮೇಲೆ ಬ್ರಷ್‌ನಿಂದ ಉಜ್ಜಿದರೆ ಸಾಕು. ಬೂಷ್ಟಾದರೆ ಮಾತ್ರ ಒಣ ಬ್ರಷ್ ಹಾಕಬೇಡಿ, ಕೋಣೆ ತುಂಬಾ ಹರಡುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ. ಬ್ಲೀಚ್ ಹಾಕುವವರು ಅದಕ್ಕೆ ವಿನೆಗರ್ ಅಥವಾ ಟಾಯ್ಲೆಟ್ ಕ್ಲೀನರ್ ಬೆರೆಸಬೇಡಿ. ಬರುವುದು ಕ್ಲೋರಿನ್, ವಿಷದ ಗಾಳಿ.

ಗೋಡೆಯಿಂದ ಬರುವ ನೀರಿಗೆ ಮದ್ದು ಹೊರಗಡೆ. ಮಲೆನಾಡಿನಲ್ಲಿ ಮಳೆ ಹಿಡಿಯುವ ಮೊದಲೇ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರಲ್ಲ, ಅದೇ ಲೆಕ್ಕ. ಈಗ ಟಾರ್ಪಾಲ್. ನನ್ನ ಓಟು ಪದರ ಪದರದ ಗಟ್ಟಿ ಪ್ಲಾಸ್ಟಿಕ್ ಹಾಳೆ ಸಿಲ್ಪಾಲಿನ್‌ಗೆ. ತೆಳುವಾದ ನೀಲಿ ಟಾರ್ಪಾಲ್ ಒಂದು ಗಾಳಿಗೆ ಚಿಂದಿ, ದುಡ್ಡು ದಂಡ. ಬಾಲ್ಕನಿ ಗ್ರಿಲ್‌ಗೆ ಕೇಬಲ್ ಟೈ ಹಾಕಿ ಬಿಗಿಯಿರಿ, ಡ್ರಿಲ್ ಬೇಡ, ಓನರ್ ಜೊತೆ ಜಗಳವೂ ಇಲ್ಲ. ಕೆಳಗಡೆ ಸ್ವಲ್ಪ ಗಾಳಿ ಆಡಲು ಬಿಡಿ. ವಾಟರ್‌ಪ್ರೂಫ್ ಪೇಂಟ್ ಹೊಡೆಸಿ ಅಂತ ಓನರ್‌ಗೆ ಈಗ ಗಂಟು ಬೀಳಬೇಡಿ. ಹಸಿ ಗೋಡೆಗೆ ಯಾವ ಕಂಪನಿಯ ಕೋಟಿಂಗೂ ನಿಲ್ಲುವುದಿಲ್ಲ. ಅದು ಬೇಸಿಗೆಯ ಕೆಲಸ. ಫೋಟೋ ಮಾತ್ರ ಇವತ್ತೇ ವಾಟ್ಸಾಪ್ ಮಾಡಿ ಇಡಿ, ಮನೆ ಬಿಡುವಾಗ ಬೇಕಾಗುತ್ತದೆ.

ಈಗ ಅಸಲು ವಿಷಯ, ಬಟ್ಟೆ. ನಿಮ್ಮ ಫೋಟೋದಲ್ಲಿ ಹಾಲ್ ತುಂಬಾ ಹಗ್ಗ ಕಾಣುತ್ತಿದೆ. ಮೆಷಿನ್‌ನಿಂದ ತೆಗೆದ ಬಟ್ಟೆಯನ್ನು ಬಕೆಟ್ ಸಮೇತ ತೂಗಿ, ಒಣಗಿದ ಮೇಲೆ ಮತ್ತೆ ತೂಗಿ. ಒಂದು ಲೋಡ್‌ನಲ್ಲಿ ಒಂದೆರಡು ಲೀಟರ್ ನೀರು ಆರಾಮಾಗಿ ಇರುತ್ತದೆ. ಅದಷ್ಟೂ ನಿಮ್ಮ ಹಾಸಿಗೆ, ಪುಸ್ತಕ, ಚಪ್ಪಲಿಗೆ ಹೋಗುತ್ತದೆ. ಕಿಟಕಿ ತೆಗೆದರೆ ಹೋಗಲ್ವಾ ಅಂದರೆ, ಜಡಿಮಳೆಯ ದಿನ ಹೊರಗಿನ ಗಾಳಿಯ ತೇವವೇ 90 ಪರ್ಸೆಂಟ್ ದಾಟಿರುತ್ತದೆ, ಎಲ್ಲಿಗೆ ಹೋಗಬೇಕು ಅದು?

ನನ್ನ ಪದ್ಧತಿ ಒಂದೇ. ಮನೆಯ ಅತಿ ಸಣ್ಣ ಕೋಣೆಯನ್ನು ಬಟ್ಟೆಗೆ ಬಿಟ್ಟುಕೊಡುವುದು. ಬಾಗಿಲು ಹಾಕಿ, ಬಾಗಿಲ ಕೆಳಗಿನ ಸಂದಿಗೆ ಹಳೇ ಪಂಚೆ ತುರುಕಿ, ಒಳಗೆ ಡೀಹ್ಯುಮಿಡಿಫೈಯರ್ (ಗಾಳಿಯ ತೇವ ಎಳೆದು ನೀರಾಗಿಸುವ ಮೆಷಿನ್) ಮತ್ತು ಒಂದು ಟೇಬಲ್ ಫ್ಯಾನ್. ಬಟ್ಟೆಗಳ ಮಧ್ಯೆ ಅಂಗೈ ಅಗಲ ಜಾಗ. ಜೀನ್ಸ್ ತಿರುವಿ ಹಾಕಿ, ಜೇಬು ಹೊರಗೆ. ಫ್ಯಾನ್ ಕೆಳಗಿನಿಂದ ಮೇಲಕ್ಕೆ. ಸಂಜೆ ಹಾಕಿದರೆ ಬೆಳಿಗ್ಗೆ ಇಸ್ತ್ರಿ ಮಾಡುವಷ್ಟು ಒಣಗಿರುತ್ತದೆ. ಟ್ಯಾಂಕ್‌ನಲ್ಲಿ ನಿಂತ ನೀರು ನೋಡಿದರೆ ನಂಬಿಕೆ ತಾನೇ ಬರುತ್ತದೆ. ಆ ನೀರು ಟಾಯ್ಲೆಟ್‌ಗೆ ಸುರಿಯಿರಿ, ಕುಡಿಯುವುದಕ್ಕಲ್ಲ.

ಆದರೆ ಡೀಹ್ಯುಮಿಡಿಫೈಯರ್ ತಗೊಳ್ಳುವಾಗ ಹುಷಾರು. ಆನ್‌ಲೈನ್‌ನಲ್ಲಿ ಒಂದೆರಡು ಸಾವಿರಕ್ಕೆ ಬರುವ ಕಂಪ್ರೆಸರ್ ಇಲ್ಲದ ಪುಟ್ಟ ಪೆಲ್ಟಿಯರ್ ಡಬ್ಬಿ ಕೋಣೆಗೆ ಸಾಲುವುದಿಲ್ಲ, ದಿನಕ್ಕೆ ಕೆಲವು ನೂರು ಎಂಎಲ್ ಎಳೆದರೆ ಹೆಚ್ಚು. ಕಂಪ್ರೆಸರ್ ಇರುವುದೇ ಬೇಕು. ಡಬ್ಬದ ಮೇಲೆ ದಿನಕ್ಕೆ 12 ಲೀಟರ್ ಅಂತ ಬರೆದಿರುವುದು ಸಾಮಾನ್ಯವಾಗಿ 30 ಡಿಗ್ರಿ, 80 ಪರ್ಸೆಂಟ್ ತೇವದ ಲೆಕ್ಕ. ಕೋಣೆ ಒಣಗುತ್ತಾ ಬಂದಂತೆ ಅಷ್ಟು ಸಿಗುವುದಿಲ್ಲ. ದುಬಾರಿ ಅನ್ನಿಸಿದರೆ, ಎಸಿ ಇದ್ದವರು ಡ್ರೈ ಮೋಡ್ ಹಾಕಿ. ಎರಡೂ ಇಲ್ಲದಿದ್ದರೆ ಬಾತ್‌ರೂಂನಲ್ಲಿ ಹಗ್ಗ ಕಟ್ಟಿ ಎಕ್ಸಾಸ್ಟ್ ಓಡಿಸಿ. ನಿಧಾನ, ಆದರೆ ಹಾಲ್‌ಗಿಂತ ವಾಸಿ. ತೇವ ಅಳೆಯುವ ಸಣ್ಣ ಹೈಗ್ರೋಮೀಟರ್ ಮಾತ್ರ ಎಲ್ಲರೂ ತಗೊಳ್ಳಿ. ಒಳಗಿನ ತೇವ 60 ಪರ್ಸೆಂಟ್ ಆಸುಪಾಸಿಗೆ ಬಂದರೆ ಹಾಸಿಗೆ ತಣ್ಣಗೆ ಅಂಟಿಕೊಳ್ಳುವುದು ನಿಲ್ಲುತ್ತದೆ. ಮಳೆ ಬಿಟ್ಟು ಬಿಸಿಲು ಬಿದ್ದ ಮಧ್ಯಾಹ್ನ ಎಲ್ಲಾ ಕಿಟಕಿ ತೆಗೆಯಿರಿ, ಸಂಜೆ ಮೋಡ ಕಟ್ಟುವ ಮೊದಲು ಹಾಕಿ.

ಕಪಾಟಿಗೆ ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ಸರಿ. ಯಾವ ಬ್ರ್ಯಾಂಡ್ ಆದರೂ ಒಳಗೆ ಅದೇ ಉಪ್ಪು, ಹೆಸರಿಗೆ ದುಡ್ಡು ಕೊಡಬೇಡಿ. ನೀರು ತುಂಬಿದ ಡಬ್ಬಿ ರೇಷ್ಮೆ ಸೀರೆ ಮೇಲೆ ಚೆಲ್ಲಿದರೆ ನನ್ನನ್ನು ಬೈಯಬೇಡಿ, ಕೆಳಗಿನ ಅರೆಯಲ್ಲಿಡಿ. ಕಪಾಟು, ಮಂಚ ಎರಡನ್ನೂ ಗೋಡೆಯಿಂದ ನಾಲ್ಕು ಬೆರಳಾದರೂ ಸರಿಸಿ.

ಕಾರ್ಪೆಟ್ ಸುತ್ತಿ ಮೇಲಿಡಿ. ಟೈಲ್ಸ್ ನೆಲ ಬೆವರುವ ಊರಿನಲ್ಲಿ ಅದು ಒದ್ದೆ ನಾಯಿಯ ಹಾಗೆ ನಾರುತ್ತದೆ. ನವಲಗುಂದದ ಜಮಖಾನ ಸಿಕ್ಕರೆ ಚಂದವೂ ಹೌದು, ಎತ್ತಿ ಒಣಗಿಸಲೂ ಸುಲಭ. ಮುಂಡುಗದ ಚಾಪೆಯೂ ಆಗುತ್ತದೆ. ಬಿಳಿ ಟ್ಯೂಬ್‌ಲೈಟ್ ಆರಿಸಿ, ಮೂಲೆಗಳಲ್ಲಿ 2700 ಕೆಲ್ವಿನ್‌ನ ವಾರ್ಮ್ (ಹಳದಿ ಬೆಳಕಿನ) ಬಲ್ಬ್ ಎರಡು ಇಡಿ. ಬೆಚ್ಚಗೆ ಕಾಣುವುದಕ್ಕೆ ಅಷ್ಟೇ ಸಾಕು. ಕರೆಂಟ್ ಹೋಗುವುದು ಗ್ಯಾರಂಟಿ, ಒಂದು ರೀಚಾರ್ಜ್ ಬಲ್ಬ್ ಇರಲಿ.

ಮೇಲಿನ ಉತ್ತರಗಳಲ್ಲಿ ಒಬ್ಬರು ಕೆಂಡದ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಹಾಕಿ ಮಲಗಿ ಅಂದಿದ್ದಾರೆ. ದಯವಿಟ್ಟು ಅಂಥ ಸಲಹೆ ಕೊಡಬೇಡಿ. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ, ಅದಕ್ಕೆ ವಾಸನೆಯೇ ಇಲ್ಲ. ನಿದ್ದೆಯಲ್ಲೇ ಜನ ಸತ್ತಿದ್ದಾರೆ. ಸಾಂಬ್ರಾಣಿಗೆ ಚೂರು ಕೆಂಡ ಹಾಕಿದರೂ ಕಿಟಕಿ ತೆಗೆದಿರಿ, ಮಲಗುವ ಮುನ್ನ ಅದನ್ನು ಹೊರಗಿಡಿ.

ನಿಮ್ಮ ಫೋಟೋದಲ್ಲಿ ಆ ಕಲೆ ಸ್ವಿಚ್‌ಬೋರ್ಡ್‌ವರೆಗೂ ಬಂದ ಹಾಗಿದೆ. ಅದು ಹೌದಾದರೆ ಆ ಬೋರ್ಡ್ ಮುಟ್ಟಬೇಡಿ, ಎಂಸಿಬಿ (ಕರೆಂಟ್ ಕಡಿಯುವ ಸ್ವಿಚ್) ಕೆಳಗೆ ಮಾಡಿ ಎಲೆಕ್ಟ್ರಿಷಿಯನ್ ಕರೆಸಿ. ಮನೆಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇದೆಯಾ ಅಂತಲೂ ಅವರನ್ನೇ ಕೇಳಿ. ಇದರ ಖರ್ಚು ಓನರ್‌ದು, ಇದಕ್ಕೆ ಬೇಕಾದರೆ ಜಗಳ ಮಾಡಿ. ಫಾಯಿಲ್ ತೆಗೆದ ಮೇಲೆ ಎರಡೂ ಬದಿಯ ಫೋಟೋ ಹಾಕಿ, ನೋಡೋಣ.